ಅತ್ತೆಯ ಟ್ರಂಕಿನ ಕಸೂತಿ ಹೂಗಳು

ನಮ್ಮ ಮನೆ ಕಲ್ಲುಗುಂಡಿಯಲ್ಲಿ, ಪಯಸ್ವಿನಿ ಹೊಳೆಯಿಂದ ಹೆಚ್ಚು ದೂರ ಇಲ್ಲ. ಸುಳ್ಯ ದಾಟಿ ಮಡಿಕೇರಿಗೆ ಹೋಗುವವರು ಸಂಪಾಜೆ ಘಾಟಿ ಹತ್ತುವ ಮೊದಲು ಚಹಾ ಕುಡಿಯಲು ಗಾಡಿ ನಿಲ್ಲಿಸುವ ಸಣ್ಣ ಪೇಟೆ ಇದು. ಮಳೆ ನಮಗೆ ಹೊಸತಲ್ಲ. 2018ರಲ್ಲಿ ಮೇಲೆ ಜೋಡುಪಾಲದಲ್ಲಿ ಗುಡ್ಡ ಜರಿದು, ಜನ ಮನೆ ಮಠ ಬಿಟ್ಟು ಇಳಿದು ಬಂದದ್ದನ್ನು ಕಣ್ಣಾರೆ ನೋಡಿದವರು ನಾವು. 2022ರ ಜೂನ್ ಕೊನೆಯಲ್ಲಿ ಭೂಮಿ ನಡುಗಿದಾಗಲೂ ಅಂಗಳಕ್ಕೆ ಓಡಿ ಬಂದು, ಮತ್ತೆ ಒಳಗೆ ಹೋಗಿ ಅನ್ನಕ್ಕೆ ಇಟ್ಟಿದ್ದೆವು. ಆದರೆ ಅದೇ ವರ್ಷದ ಆಗಸ್ಟ್ ಮೊದಲ ದಿನಗಳಲ್ಲಿ ಹೊಳೆಯೇ ಪೇಟೆಗೆ ಬಂತು. ಅಂಗಡಿಗಳಿಗೆ ನುಗ್ಗಿತು, ಮನೆಗಳಿಗೆ ನುಗ್ಗಿತು. ನಮ್ಮ ಚಾವಡಿಯಲ್ಲಿ ಮೊಣಕಾಲಿನವರೆಗೆ ಕೆಸರು ನೀರು.

ಕರೆಂಟ್ ಇಲ್ಲ. ಟಾರ್ಚ್ ಬೆಳಕಿನಲ್ಲಿ ನಾನೂ ನನ್ನ ಗಂಡನೂ ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಮಕ್ಕಳ ಸರ್ಟಿಫಿಕೇಟುಗಳು ಅಂತ ಸಿಕ್ಕಿದ್ದನ್ನೆಲ್ಲ ಅಟ್ಟಕ್ಕೆ ಏರಿಸುತ್ತಿದ್ದೆವು. ಅತ್ತೆಯನ್ನು ಮೇಲಿನ ಮನೆಗೆ ಕರೆದುಕೊಂಡು ಹೋಗಲು ಕೈ ಹಿಡಿದರೆ ಅವರು ನನ್ನ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

"ನನ್ನ ಟ್ರಂಕ್ ಒಂದು ಮೇಲೆ ಇಡು ಮಗಾ. ಮಂಚದ ಅಡಿಯಲ್ಲಿ ಉಂಟು."

"ಫ್ರಿಜ್ಜೇ ಮುಳುಗ್ತಾ ಉಂಟು ಅತ್ತೆ, ನಿಮ್ಮ ಹಳೇ ಬಟ್ಟೆ ಯಾರಿಗೆ ಬೇಕು?" ಅಂದೆ.

ಅವರು ಮತ್ತೆ ಮಾತಾಡಲಿಲ್ಲ. ನಾನು ಆಡಿದ ಆ ಒಂದು ಮಾತಿಗಾಗಿ ಈ ಲೇಖನ ಬರೆಯುತ್ತಿದ್ದೇನೆ ಅಂದರೂ ತಪ್ಪಿಲ್ಲ.

ಟ್ರಂಕಿನಲ್ಲಿ ಏನಿತ್ತು?

ನಿಮ್ಮ ಮನೆಯಲ್ಲೂ ಅಂಥದ್ದೊಂದು ಟ್ರಂಕ್ ಇದ್ದೀತು. ಕಬ್ಬಿಣದ್ದು, ಹಸಿರು ಬಣ್ಣದ್ದು, ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಮಾವನ ಹೆಸರು. ಒಳಗೆ ನುಸಿ ಗುಳಿಗೆಯ ವಾಸನೆ. ತಲೆದಿಂಬಿನ ಕವರುಗಳು, ನಮ್ಮ ಕಡೆ ಹೇಳುವ ಹಾಗೆ ತಲೆಕೊಂಬಿನ ಕವರುಗಳು. ಒಂದರಲ್ಲಿ ಜೋಡಿ ಗಿಳಿ, ಇನ್ನೊಂದರಲ್ಲಿ ಗುಲಾಬಿ ಬಳ್ಳಿಯ ನಡುವೆ ಇಂಗ್ಲಿಷ್ ಅಕ್ಷರದಲ್ಲಿ ‘ಗುಡ್ ನೈಟ್’. ಕಿಟಕಿಗೆ ಅರ್ಧ ಬರುವ ಪರದೆ. ಕಾಫಿ ತಟ್ಟೆಗೆ ಹಾಸುವ ಬಟ್ಟೆ. ರೇಡಿಯೋಕ್ಕೆ ಹೊದಿಸುತ್ತಿದ್ದ, ಅಂಚಿನಲ್ಲಿ ದ್ರಾಕ್ಷಿ ಗೊಂಚಲಿದ್ದ ಹೊದಿಕೆ. ರೇಡಿಯೋ ಹೋಗಿ ಎಷ್ಟು ವರ್ಷವಾಯಿತೋ, ಹೊದಿಕೆ ಮಾತ್ರ ಹಾಗೇ ಇತ್ತು. ಎಲ್ಲಕ್ಕಿಂತ ಕೆಳಗೆ ದಪ್ಪ ಕೇಸ್‌ಮೆಂಟ್ ಬಟ್ಟೆಯ ಒಂದು ದೊಡ್ಡ ಮೇಜು ಹಾಸು.

ಇವೆಲ್ಲ ಅತ್ತೆ ಮದುವೆಗೆ ಮೊದಲು ಹೊಲಿದದ್ದು. ಅವರು ಹುಡುಗಿಯಾಗಿದ್ದಾಗ, ಅಂದರೆ 1960ರ ಆಸುಪಾಸಿನಲ್ಲಿ, ಹೆಣ್ಣುಮಕ್ಕಳು ಗಂಡನ ಮನೆಗೆ ಹೋಗುವಾಗ ಕೈಯಾರೆ ಹೊಲಿದ ನಾಲ್ಕು ಬಟ್ಟೆ ಕೊಂಡುಹೋಗುವುದು ಒಂದು ಮರ್ಯಾದೆ. ನೋಡಲು ಬಂದ ನೆಂಟರ ಎದುರು ಅದನ್ನೇ ಬಿಡಿಸಿ ತೋರಿಸುತ್ತಿದ್ದರಂತೆ. ‘ಹುಡುಗಿಗೆ ಕಸೂತಿ ಬರ್ತದಾ?’ ಅನ್ನುವುದು ‘ಅಡಿಗೆ ಬರ್ತದಾ?’ ಅನ್ನುವುದರ ಪಕ್ಕದ ಪ್ರಶ್ನೆ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಆ ಗಿಳಿಯ ಕವರು ಹಾಕಿ ಹಾಸಿಗೆ ಹಾಸಿದ್ದರು. ನನಗೆ ನಗು ಬಂದಿತ್ತು. ಮರುವಾರ ಪುತ್ತೂರಿನಿಂದ ಹೊಸ ಬೆಡ್‌ಶೀಟ್, ಅದಕ್ಕೆ ಹೊಂದುವ ಕವರು ತಂದೆ. ಅತ್ತೆ ಏನೂ ಹೇಳದೆ ತಮ್ಮದನ್ನು ಮಡಚಿ ಒಳಗಿಟ್ಟರು. ಆಮೇಲೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲಿನ ಬಿಸಿಲಿಗೆ ಟ್ರಂಕ್ ತೆರೆದು ಎಲ್ಲ ಒಣಗಿಸಿ ಮತ್ತೆ ಇಡುತ್ತಿದ್ದರು. ಆ ದೊಡ್ಡ ಮೇಜು ಹಾಸನ್ನು ಮಾತ್ರ ಪೂರ್ತಿ ಬಿಡಿಸುತ್ತಿರಲಿಲ್ಲ, ಒಗೆಯುತ್ತಲೂ ಇರಲಿಲ್ಲ. ಯಾಕೆ ಅಂತ ನಾನು ಕೇಳಿರಲಿಲ್ಲ.

ನಾನು ಮಾಡಿದ ಕೆಲಸ

ನೀರು ಇಳಿದ ಮೇಲೆ ಮನೆಯ ತುಂಬ ಒಂದು ಗೇಣು ಕೆಸರು. ಟ್ರಂಕ್ ಎಳೆದು ತೆಗೆದರೆ ಒಳಗೂ ಕೆಸರು ನೀರೇ. ಗೋಡೆ, ನೆಲ, ಪಾತ್ರೆ ತೊಳೆಯುವ ಗಡಿಬಿಡಿಯಲ್ಲಿ ಟ್ರಂಕ್ ಎರಡು ದಿನ ಹಾಗೇ ಉಳಿಯಿತು. ಮೂರನೆಯ ದಿನ ಮೇಲಿನ ಮನೆಯಿಂದ ಅತ್ತೆ ಬರುವ ಮೊದಲು ಎಲ್ಲ ತೊಳೆದಿಟ್ಟುಬಿಡುವ ಅಂತ ಹಂಡೆಯ ಬಿಸಿನೀರು, ಧಾರಾಳವಾಗಿ ಡಿಟರ್ಜೆಂಟ್ ಪುಡಿ, ಒಂದೇ ಬಕೆಟಿಗೆ ಅಷ್ಟೂ ಬಟ್ಟೆ ಹಾಕಿ ನೆನೆಸಿದೆ. ಅಂದು ಹೇಳಿದ ಮಾತಿಗೆ ಒಳಗೊಳಗೇ ಚುಚ್ಚುತ್ತಾ ಇತ್ತು. ಒಳ್ಳೆಯದೇ ಮಾಡ್ತಾ ಇದ್ದೇನೆ ಅಂದುಕೊಂಡಿದ್ದೆ.

ಅರ್ಧ ಗಂಟೆ ಬಿಟ್ಟು ನೋಡಿದರೆ ಬಕೆಟಿನ ನೀರು ಕೆಂಪು. ಯಾವುದೋ ಒಂದು ಬಟ್ಟೆಯ ಕೆಂಪು ನೂಲು ಬಣ್ಣ ಬಿಟ್ಟು, ಗಿಳಿಯ ಕವರು, ಪರದೆ ಎಲ್ಲ ತಿಳಿ ಗುಲಾಬಿ. ಕೈ ಕಾಲು ತಣ್ಣಗಾಯಿತು. ಉಜ್ಜಿದೆ. ಉಜ್ಜಿದಷ್ಟೂ ಹರಡಿತು.

ಅತ್ತೆ ಬಂದರು. ಹಗ್ಗದ ಮೇಲೆ ಹಾಕಿದ ಬಟ್ಟೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಗುಲಾಬಿ ಕಲೆ ನೋಡಿ ಬೈಯಲಿಲ್ಲ. ಆದರೆ ಮೇಜು ಹಾಸಿನ ಹತ್ತಿರ ಬಂದಾಗ ಒಂದು ಮೂಲೆ ಹಿಡಿದು ಕಣ್ಣಿನ ಹತ್ತಿರ ತಂದರು. ತಿರುಗಿಸಿದರು. ಮತ್ತೆ ತಿರುಗಿಸಿದರು.

"ಇಲ್ಲಿ ನೀಲಿ ಗೆರೆ ಇತ್ತು."

"ಎಂತ ಗೆರೆ ಅತ್ತೆ?"

"ಹೂವಿನ ಗೆರೆ. ಹೊಲಿಯದ್ದು." ಅಷ್ಟು ಹೇಳಿ ಜಗಲಿಯಲ್ಲಿ ಕೂತುಬಿಟ್ಟರು.

ಹಿಂಬದಿ ಹೇಳಿದ ಕಥೆ

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಆಗ ಬಟ್ಟೆಗೆ ಚಿತ್ರ ಇಳಿಸುತ್ತಿದ್ದ ಕ್ರಮವೇ ಬೇರೆ. ತೆಳು ಬೆಣ್ಣೆ ಕಾಗದದಲ್ಲಿ ಹೂ ಬರೆದು, ಗೆರೆಯ ಉದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ತೂತು ಮಾಡುವುದು. ಕಾಗದವನ್ನು ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಬಟ್ಟೆಗೆ ಹಾಕುವ ನೀಲಿ ಕಲಸಿ, ಹತ್ತಿಯ ಉಂಡೆಯಲ್ಲಿ ಅದ್ದಿ ಒರೆಸುವುದು. ತೂತುಗಳಿಂದ ನೀಲಿ ಇಳಿದು ಬಟ್ಟೆಯ ಮೇಲೆ ಚುಕ್ಕಿ ಚುಕ್ಕಿ ಹೂ ಮೂಡುತ್ತದೆ. ಹೊಲಿದು ಮುಗಿದ ಮೇಲೆ ಒಮ್ಮೆ ಒಗೆದರೆ ಗೆರೆ ಹೋಗಿ ಹೂ ಮಾತ್ರ ಉಳಿಯುತ್ತದೆ.

ಅತ್ತೆಗೆ ಎರಡು ವರ್ಷ ಚಿಕ್ಕ ತಂಗಿ ಒಬ್ಬಳಿದ್ದಳಂತೆ. ಈ ಸಂಗತಿಯನ್ನೇ ನಾನು ಅಂದು ಮೊದಲ ಸಲ ಕೇಳಿದ್ದು. ಅತ್ತೆಯ ಮದುವೆ ನಿಶ್ಚಯವಾದಾಗ ಇಬ್ಬರೂ ಸೇರಿ ಆ ಮೇಜು ಹಾಸು ಹಿಡಿದರು. ಚಿತ್ರ ಬರೆದದ್ದು, ತೂತು ಚುಚ್ಚಿದ್ದು, ನೀಲಿ ಒರೆಸಿದ್ದು ಎಲ್ಲ ತಂಗಿ. ಅವಳ ಕೈ ಚಿತ್ರಕ್ಕೆ ಚಂದ. ಆ ತುದಿಯಿಂದ ಒಬ್ಬಳು, ಈ ತುದಿಯಿಂದ ಇನ್ನೊಬ್ಬಳು ಹೊಲಿಯುತ್ತ ಬಂದರು. ಮೂರು ಮೂಲೆಯ ಹೂ ಮುಗಿದಿತ್ತು. ಆ ಮಳೆಗಾಲದಲ್ಲಿ ತಂಗಿಗೆ ಜ್ವರ ಬಂತು. ಮಳೆ ಬಿಡುವ ಮೊದಲೇ ಅವಳು ಹೋದಳು. ನಾಲ್ಕನೆಯ ಮೂಲೆಯಲ್ಲಿ ಅವಳು ಒರೆಸಿಟ್ಟ ನೀಲಿ ಚುಕ್ಕಿಗಳು ಮಾತ್ರ ಉಳಿದವು. ಅದನ್ನು ಹೊಲಿದು ಮುಗಿಸಲು ಅತ್ತೆಗೆ ಮನಸ್ಸಾಗಲಿಲ್ಲ. ಒಗೆದರೆ ಹೋಗುತ್ತದೆ ಅಂತ ಅಷ್ಟು ವರ್ಷ ಒಗೆಯಲೂ ಇಲ್ಲ.

ಆ ಗೆರೆ ಹೊಳೆಯ ನೀರಿಗೆ ಹೋಯಿತೋ, ನನ್ನ ಬಿಸಿನೀರಿಗೆ ಹೋಯಿತೋ ನನಗೆ ಈಗಲೂ ಗೊತ್ತಿಲ್ಲ. ಅತ್ತೆ ಆ ಲೆಕ್ಕ ಹಾಕಲೇ ಇಲ್ಲ.

ರಾತ್ರಿ ನಾನೇ ಆ ಬಟ್ಟೆಯನ್ನು ಮಗುಚಿ ನೋಡಿದೆ. ಎದುರಿನಿಂದ ನೋಡಿದರೆ ಎಲ್ಲ ಒಂದೇ ಕೈಯ ಕೆಲಸದ ಹಾಗೆ ಇದೆ. ಹಿಂಬದಿಯಲ್ಲಿ ಹಾಗಲ್ಲ. ಒಂದು ಅರ್ಧದಲ್ಲಿ ಗಂಟು ಕಾಣುವುದಿಲ್ಲ. ನೂಲಿನ ತುದಿಯನ್ನು ಹೊಲಿಗೆಯ ಅಡಿಗೇ ಸಿಕ್ಕಿಸಿದ್ದಾರೆ. ಇನ್ನೊಂದು ಅರ್ಧದಲ್ಲಿ ಅಲ್ಲಲ್ಲಿ ಗಂಟು, ಒಂದು ಹೂವಿನಿಂದ ಇನ್ನೊಂದಕ್ಕೆ ಉದ್ದಕ್ಕೆ ಹಾರಿದ ನೂಲು. ಅವಸರದ ಕೈ. "ಅವಳಿಗೆ ತಾಳ್ಮೆ ಇರ್ಲಿಲ್ಲ. ಟೀಚರ್ ಹಿಂದಿನಿಂದ ನೋಡಿಯೇ ಮಾರ್ಕ್ ಕೊಡ್ತಿದ್ದದ್ದು, ಅವಳಿಗೆ ಯಾವತ್ತೂ ಕಡಿಮೆ" ಅಂತ ಅತ್ತೆ ನಕ್ಕರು. ಮೂರು ದಿನದಲ್ಲಿ ಮೊದಲ ಸಲ.

ಅವಳ ಫೋಟೋ ಒಂದೂ ಇಲ್ಲವಂತೆ. ಆ ಗಂಟುಗಳೇ ಅವಳ ಗುರುತು.

ಈ ಹೂಗಳು ಎಲ್ಲಿಂದ ಬಂದವು?

ಕಸೂತಿ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಧಾರವಾಡ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಆನೆ ಮೂಡಿಸುವ ಆ ಕಸೂತಿಗೆ ಗೆರೆಯೇ ಬೇಡ. ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕುವುದು. ಗಾವಂತಿ, ಮುರ್ಗಿ, ನೇಯ್ಗೆ, ಮೆಂತೆ ಅಂತ ನಾಲ್ಕು ಬಗೆಯ ಹೊಲಿಗೆ. ಅದರಲ್ಲಿ ಗಾವಂತಿ, ಮುರ್ಗಿಗಳು ಎದುರೂ ಹಿಂದೂ ಒಂದೇ ಹಾಗೆ ಕಾಣುತ್ತವೆ, ಗಂಟು ಹಾಕುವ ಹಾಗೇ ಇಲ್ಲ. ಸಂಡೂರಿನ ಕಡೆ ಲಂಬಾಣಿ ಹೆಂಗಸರ ಕಸೂತಿ ಇನ್ನೊಂದು ಬಗೆ. ಕನ್ನಡಿ ಚೂರು, ಕವಡೆ, ಗಾಢ ಬಣ್ಣದ ನೂಲು. ಈ ಎರಡಕ್ಕೂ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ–20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೂ ಸೇರಿತು.

ನಮ್ಮ ಕರಾವಳಿಯ ತಲೆಕೊಂಬಿನ ಕವರಿಗೆ ಇಂಥ ಯಾವ ಹೆಸರೂ ಇಲ್ಲ. ಇಲ್ಲಿ ಎಂಬ್ರಾಯ್ಡರಿಗೆಲ್ಲ ಕಸೂತಿ ಅಂತಲೇ ಹೇಳುವುದು. ಇದು ನಮಗೆ ಬಂದದ್ದು ಹೆಚ್ಚಾಗಿ ಶಾಲೆಯ ದಾರಿಯಿಂದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ನೇಯ್ಗೆ, ಹೆಂಚು, ಅಚ್ಚುಕೂಟಗಳ ಜೊತೆಗೆ ಹೆಣ್ಣುಮಕ್ಕಳ ಶಾಲೆಗಳನ್ನೂ ನಡೆಸಿತು. ಆಮೇಲೆ ಕಾನ್ವೆಂಟುಗಳು ಬಂದವು. ಅಲ್ಲೆಲ್ಲ ಸೂಜಿ ಕೆಲಸ ಪಾಠದ ಒಂದು ಭಾಗ. ನಿಧಾನಕ್ಕೆ ಹಳ್ಳಿಯ ಶಾಲೆಗಳಿಗೂ ಹೊಲಿಗೆ ಟೀಚರ್ ಬಂದರು. ಚೈನ್, ಸ್ಟೆಮ್, ಸ್ಯಾಟಿನ್, ಲೇಜಿ ಡೈಸಿ ಅಂತ ಇಂಗ್ಲಿಷ್ ಬಾರದ ಅತ್ತೆಯೂ ಸಲೀಸಾಗಿ ಹೇಳುವುದು ಈ ಕಾರಣಕ್ಕೆ. ಹೂವಿನ ಹೆಸರು ಮಾತ್ರ ಅವರದೇ. ಲೇಜಿ ಡೈಸಿಯಲ್ಲಿ ಹೊಲಿದದ್ದನ್ನು ಅವರು ‘ನಂದಿಬಟ್ಟಲು’ ಅಂತಲೇ ಕರೆಯುವುದು.

ಬುಡಾಪೆಸ್ಟಿನಿಂದ ಬಂದ ಬಟ್ಟೆ

ಬೊಳ್ಳ ಹೋದ ಮರುವರ್ಷ ಮೈದುನನ ಮಗಳು ರಜೆಯಲ್ಲಿ ಮನೆಗೆ ಬಂದಳು. ಅವಳಿಗೆ ಹಂಗೇರಿಯ ಬುಡಾಪೆಸ್ಟಿನಲ್ಲಿ ಕೆಲಸ. ಮೇಜಿನ ಮೇಲಿದ್ದ ಅತ್ತೆಯ ಬಟ್ಟೆ ನೋಡಿ, "ದೊಡ್ಡಮ್ಮ, ಇಂಥದ್ದು ಅಲ್ಲಿ ಹಳೇ ಸಾಮಾನಿನ ಸಂತೆಯಲ್ಲಿ ರಾಶಿ ರಾಶಿ ಉಂಟು" ಅಂದಳು. ಮುಂದಿನ ಸಲ ಬರುವಾಗ ಅಜ್ಜಿಗೆ ಅಂತ ಒಂದು ತಂದೇಬಿಟ್ಟಳು.

ಬಿಳಿ ಬಟ್ಟೆ, ಅದರ ತುಂಬ ಕೆಂಪು, ನೀಲಿ, ಹಳದಿ, ನೇರಳೆ ಹೂ. ಹೂಗಳ ನಡುವೆ ಕೆಂಪು ಮೆಣಸಿನಕಾಯಿ! ಬುಡಾಪೆಸ್ಟಿನ ದಕ್ಷಿಣಕ್ಕೆ ಡ್ಯಾನ್ಯೂಬ್ ನದಿಯ ಹತ್ತಿರ ಕಲೊಚ ಅಂತ ಒಂದು ಊರು. ನಮ್ಮಲ್ಲಿ ಬ್ಯಾಡಗಿ ಹೇಗೋ ಹಾಗೆ ಅಲ್ಲಿ ಆ ಊರು ಮೆಣಸಿಗೆ ಹೆಸರುವಾಸಿ, ಹಾಗಾಗಿ ಕಸೂತಿಯಲ್ಲೂ ಮೆಣಸು. ಅಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಡುವುದಕ್ಕೇ ಬೇರೆ ಹೆಂಗಸರಿದ್ದರಂತೆ. ಅವರನ್ನು ‘ಬರೆಯುವ ಹೆಂಗಸರು’ ಅಂತ ಕರೆಯುತ್ತಿದ್ದರು. ಅತ್ತೆಗೆ ಈ ಮಾತು ತುಂಬ ಹಿಡಿಸಿತು. "ಹಾಗಾದ್ರೆ ನಮ್ಮ ಮನೆಯಲ್ಲಿ ತಂಗಿಯೇ ಬರೆಯುವ ಹೆಂಗಸು" ಅಂದರು.

ಹುಡುಗಿ ಇನ್ನೂ ಹೇಳಿದಳು. ಅಲ್ಲಿನ ಹಳ್ಳಿಮನೆಗಳಲ್ಲಿ ‘ಚೊಕ್ಕ ಕೋಣೆ’ ಅಂತ ಒಂದು ಇರುತ್ತಿತ್ತಂತೆ. ಅದರಲ್ಲಿ ಮಲಗುವುದಿಲ್ಲ. ಹೆಣ್ಣು ತವರಿನಿಂದ ತಂದ ಕಸೂತಿ ದಿಂಬುಗಳನ್ನು ಮಂಚದ ಮೇಲೆ ಎತ್ತರಕ್ಕೆ ಪೇರಿಸಿ ಇಡುವುದು, ಬಂದವರು ನೋಡುವುದು. ಮೆಜೋಕೊವೆಶ್ದ್ ಎಂಬ ಊರಿನ ಸುತ್ತಿನ ಮಾತ್ಯೊ ಜನರ ಕಸೂತಿ 2012ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ಅವರದೊಂದು ಕಥೆ ಇದೆ. ಒಬ್ಬಳ ಹುಡುಗನನ್ನು ಸೈತಾನ ಹಿಡಿದುಕೊಂಡು ಹೋದ. ‘ಬೇಸಿಗೆಯ ಹೂಗಳನ್ನು ಮಡಿಲಲ್ಲಿ ತುಂಬಿಕೊಂಡು ಬಾ, ಬಿಡುತ್ತೇನೆ’ ಅಂದ. ಆಗ ಹಿಮ ಬೀಳುವ ಚಳಿಗಾಲ, ಹೂ ಎಲ್ಲಿ? ಹುಡುಗಿ ತನ್ನ ಮುಂಗಟ್ಟಿನ ಬಟ್ಟೆಯ ತುಂಬ ಗುಲಾಬಿ ಹೊಲಿದು ಉಟ್ಟುಕೊಂಡು ಹೋಗಿ ಹುಡುಗನನ್ನು ಬಿಡಿಸಿಕೊಂಡು ಬಂದಳು.

ಅತ್ತೆ ಕಥೆ ಕೇಳುತ್ತ ಬಟ್ಟೆಯನ್ನು ಕೈಗೆ ತೆಗೆದುಕೊಂಡರು. ಮೊದಲು ಮಾಡಿದ ಕೆಲಸ ಅಂದರೆ ಅದನ್ನು ಮಗುಚಿದ್ದು. ಬೆರಳಲ್ಲಿ ಹಿಂಬದಿ ಸವರಿ, "ಒಳ್ಳೆ ಕೈ. ಗಂಟು ಇಲ್ಲ. ಯಾರು ಹೊಲಿದದ್ದು?" ಅಂತ ಕೇಳಿದರು.

"ಗೊತ್ತಿಲ್ಲ ಅಜ್ಜಿ. ಸಂತೆಯಲ್ಲಿ ಹೆಸರು ಹೇಳುದಿಲ್ಲ."

"ಅಷ್ಟು ದಿನ ಕೂತು ಹೊಲಿದಿದ್ದಾಳೆ. ಹೆಸರು ಇಲ್ವಾ?"

ನನಗೆ ಆ ಕ್ಷಣ ನಮ್ಮ ಟ್ರಂಕ್ ಕಣ್ಣ ಮುಂದೆ ಬಂತು. ನಾನೂ ಹೋದ ಮೇಲೆ ಮಕ್ಕಳು ಅದನ್ನು ತೆರೆದರೆ ‘ಯಾರದ್ದೋ ಹಳೇ ಬಟ್ಟೆ’ ಅನ್ನುತ್ತಾರೆ. ನಾನೇ ಅಂದವಳಲ್ಲವೇ? ಅಂದು ಸಂಜೆಯೇ ಬಿಳಿ ಪಟ್ಟಿಯ ಚೂರುಗಳಲ್ಲಿ ಪೆನ್ಸಿಲಿನಿಂದ ಹೊಲಿದವರ ಹೆಸರು, ಊರು, ಸುಮಾರು ಯಾವ ವರ್ಷ ಎಂದು ಅತ್ತೆಯನ್ನು ಕೇಳಿ ಬರೆದು, ಒಂದೊಂದು ಬಟ್ಟೆಯ ಹಿಂದೆ ಎರಡೆರಡು ಹೊಲಿಗೆ ಹಾಕಿ ಸೇರಿಸಿದೆ. ಮೇಜು ಹಾಸಿನ ಹಿಂದೆ ಎರಡು ಹೆಸರು.

ಹಳೆಯ ಕಸೂತಿ ಬಟ್ಟೆ ನಿಮ್ಮಲ್ಲಿದ್ದರೆ

ನಾನು ತಪ್ಪು ಮಾಡಿ ಕಲಿತದ್ದು, ಅತ್ತೆ ಹೇಳಿಕೊಟ್ಟದ್ದು ಇಲ್ಲಿದೆ. ನಮ್ಮ ಕಡೆಯ ಮಳೆಗೆ ಇದು ಬೇಕಾಗುತ್ತದೆ.

• ಒಗೆಯುವ ಮೊದಲು ಬಣ್ಣ ಪರೀಕ್ಷಿಸಿ. ಬಿಳಿ ಬಟ್ಟೆಯ ಚೂರನ್ನು ಒದ್ದೆ ಮಾಡಿ ಹಿಂಬದಿಯ ನೂಲಿನ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಬಣ್ಣ ಅಂಟಿದರೆ ಆ ಬಟ್ಟೆಯನ್ನು ನೆನೆಸಬೇಡಿ. ಕೆಂಪು, ಗಾಢ ನೀಲಿ, ಕಪ್ಪು ನೂಲುಗಳ ಮೇಲೆ ಹೆಚ್ಚು ಕಣ್ಣಿರಲಿ.

• ಕೆಸರಾಗಿದ್ದರೆ ಮೊದಲು ಬರೀ ತಣ್ಣೀರಿನಲ್ಲಿ ಕೆಸರು ಬಿಡುವವರೆಗೆ ಜಾಲಿಸಿ. ಉಜ್ಜಬೇಡಿ, ಹಿಂಡಬೇಡಿ. ಮರಳಿನ ಕಣ ಹಳೆಯ ನೂಲನ್ನು ಕೊಯ್ಯುತ್ತದೆ. ಒದ್ದೆ ಬಟ್ಟೆಗಳನ್ನು ಒಂದರ ಮೇಲೊಂದು ಇಟ್ಟು ದಿನಗಟ್ಟಲೆ ಬಿಡಲೇಬಾರದು.

• ಒಂದು ಸಲಕ್ಕೆ ಒಂದೇ ಬಟ್ಟೆ. ಅಂಟುವಾಳದ ನೀರು ಅಥವಾ ಮೃದುವಾದ ಸೋಪು ಸಾಕು. ಬ್ಲೀಚ್ ಬೇಡ.

• ಟವೆಲಿನ ಮೇಲೆ ಹರಡಿ ನೆರಳಲ್ಲಿ ಒಣಗಿಸಿ. ಇಸ್ತ್ರಿ ಮಾಡುವುದಿದ್ದರೆ ದಪ್ಪ ಟವೆಲಿನ ಮೇಲೆ ಬಟ್ಟೆಯನ್ನು ಮಗುಚಿ ಹಾಕಿ, ಹಿಂಬದಿಯಿಂದ ಮಾಡಿ. ಹೂ ಚಪ್ಪಟೆಯಾಗುವುದಿಲ್ಲ.

• ಬಿಳಿ ಹತ್ತಿ ಬಟ್ಟೆಯಲ್ಲಿ ಕಬ್ಬಿಣದ ತುಕ್ಕಿನ ಕಲೆಯಿದ್ದರೆ ನಿಂಬೆರಸ, ಉಪ್ಪು ಹಚ್ಚಿ ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ಚೆನ್ನಾಗಿ ತೊಳೆಯಿರಿ. ನೂಲಿನ ಮೇಲೆ ಹಚ್ಚಬೇಡಿ.

• ಇಡುವಾಗ ಗಂಜಿ ಹಾಕಬೇಡಿ, ಹುಳ ಬರುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ಬೆವರಿ ಬೂಸ್ಟು ಹಿಡಿಯುತ್ತದೆ. ಒಗೆದ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ ಇಡಿ. ಲಾವಂಚದ ಬೇರು ಅಥವಾ ಲವಂಗದ ಸಣ್ಣ ಗಂಟು ಜೊತೆಗಿರಲಿ.

• ಪ್ರತಿ ವರ್ಷ ಒಂದೇ ಗೆರೆಯಲ್ಲಿ ಮಡಚಿದರೆ ಅಲ್ಲೇ ಹರಿಯುತ್ತದೆ. ಮಡಿಕೆ ಬದಲಿಸಿ, ಇಲ್ಲವೇ ಚಾಪೆಯ ಹಾಗೆ ಸುರುಳಿ ಸುತ್ತಿ. ಟ್ರಂಕ್ ನೆಲದ ಮೇಲಿಡದೆ ಎತ್ತರದಲ್ಲಿಡಿ. ಈ ಕೊನೆಯ ಮಾತು ಹೊಳೆ ಹತ್ತಿರ ಇರುವವರಿಗೆ.

ಖಾಲಿ ಮೂಲೆ

ಗುಲಾಬಿ ಬಣ್ಣ ಹತ್ತಿದ ಕವರುಗಳು ಹಾಗೇ ಇವೆ. ಒಂದೆರಡು ಸಲ ತಣ್ಣೀರಿನಲ್ಲಿ ಜಾಲಿಸಿ ಸ್ವಲ್ಪ ತಿಳಿಯಾಯಿತು, ಪೂರ್ತಿ ಹೋಗಲಿಲ್ಲ. ಈಗ ಅವನ್ನೇ ದಿನನಿತ್ಯ ಬಳಸುತ್ತೇವೆ. ಹರಿಯುವುದಾದರೆ ಬಳಸಿಯೇ ಹರಿಯಲಿ ಅಂತ ಅತ್ತೆಯೇ ಹೇಳಿದ್ದು. "ಟ್ರಂಕಿನಲ್ಲಿ ಇಟ್ಟು ಎಂತ ಉಳಿಸಿದೆ ನಾನು? ಹೊಳೆ ಕೇಳ್ತದಾ?"

ಮೇಜು ಹಾಸಿನ ನಾಲ್ಕನೆಯ ಮೂಲೆಯನ್ನು ಹೊಲಿದು ಮುಗಿಸುವ ಆಸೆ ನನಗಿತ್ತು. ಎದುರಿನ ಮೂಲೆಯ ಹೂವಿನ ಅಚ್ಚು ತೆಗೆದರೆ ಆಯಿತಲ್ಲ ಅಂತ ಹೇಳಿ ನೋಡಿದೆ. ಅತ್ತೆ ಎರಡು ದಿನ ಏನೂ ಹೇಳಲಿಲ್ಲ. ಮೂರನೆಯ ದಿನ ಕಾಫಿ ಕುಡಿಯುತ್ತ, "ಬೇಡ ಮಗಾ. ಅದು ಖಾಲಿ ಇರಲಿ. ನಿನಗೆ ಬೇಕಾದ್ರೆ ಬೇರೆ ಬಟ್ಟೆ ತಾ, ಹೇಳಿಕೊಡ್ತೇನೆ" ಅಂದರು.

ಸುಳ್ಯದಿಂದ ಒಂದು ಮೀಟರ್ ಕೇಸ್‌ಮೆಂಟ್, ನಾಲ್ಕು ಲಡಿ ನೂಲು, ಒಂದು ರಿಂಗ್ ತಂದೆ. ಅವರ ಕಣ್ಣಿಗೆ ಸೂಜಿಯ ತೂತು ಕಾಣುವುದಿಲ್ಲ, ನೂಲು ಪೋಣಿಸಿ ಕೊಡುವುದು ನಾನು. ಲೇಜಿ ಡೈಸಿಯ ಎಸಳನ್ನು ಹೇಗೆ ಹಿಡಿಯಬೇಕು ಅಂತ ನನ್ನ ಬೆರಳು ಹಿಡಿದು ತೋರಿಸುವುದು ಅವರು. ಐವತ್ತರ ಹತ್ತಿರದಲ್ಲಿ ನಾನು ಮೊದಲ ನಂದಿಬಟ್ಟಲು ಹೊಲಿದೆ. ಅತ್ತೆ ಅದನ್ನು ಮಗುಚಿ, ಬೆರಳಾಡಿಸಿ, "ತಂಗಿಯ ಹಾಗೆಯೇ ಗಂಟು ಹಾಕಿದ್ದಿ" ಅಂದರು.

ಈ ಸಲ ಮಳೆ ಬಿಟ್ಟ ಮೇಲೆ ನಿಮ್ಮ ಮನೆಯ ಟ್ರಂಕನ್ನೂ ತೆರೆಯಿರಿ. ಹೊಲಿದವರು ಇನ್ನೂ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ತೆರೆಯಿರಿ. ಬಟ್ಟೆಯನ್ನು ಒಮ್ಮೆ ಮಗುಚಿ ನೋಡಿ, ಯಾರ ಕೈ ಅಂತ ಕೇಳಿ, ಬರೆದಿಡಿ. ಒಗೆಯುವುದು ಆಮೇಲೆ.